ಎದುರಾಳಿಯೇ ಅಳತೆಗೋಲು

1970ರ ಜನವರಿ 20ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ನಿಜಕ್ಕೂ ನಡೆದೇ ಇರದ ಬಾಕ್ಸಿಂಗ್ ಪಂದ್ಯವೊಂದು ತೆರೆಕಂಡಿತು. ಒಂದು ಕಡೆ, 49 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ನಿವೃತ್ತನಾಗಿದ್ದ ರಾಕಿ ಮಾರ್ಸಿಯಾನೊ. ಇನ್ನೊಂದು ಕಡೆ, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನೆ ಸೇರಲು ಒಪ್ಪದೆ ವಿಶ್ವಪಟ್ಟ ಕಳೆದುಕೊಂಡಿದ್ದ ಮುಹಮ್ಮದ್ ಅಲಿ. ಇಬ್ಬರನ್ನೂ ಕ್ಯಾಮೆರಾ ಮುಂದೆ ರಿಂಗಿಗಿಳಿಸಿ, ಹಲವು ಬಗೆಯ ಅಂತ್ಯಗಳನ್ನು ಚಿತ್ರೀಕರಿಸಿಟ್ಟುಕೊಂಡಿದ್ದರು. ಗೆದ್ದವರು ಯಾರೆಂದು ತೀರ್ಪು ಕೊಟ್ಟದ್ದು ಕಂಪ್ಯೂಟರು: 13ನೇ ಸುತ್ತಿನಲ್ಲಿ ಮಾರ್ಸಿಯಾನೊಗೆ ನಾಕೌಟ್ ಜಯ. ಅದನ್ನು ನೋಡಲು ಅವನು ಬದುಕಿರಲಿಲ್ಲ. 1969ರ ಆಗಸ್ಟ್ 31ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

ಆ ಕಂಪ್ಯೂಟರಿಗೆ ಊಡಿಸಿದ್ದು ಬಾಕ್ಸಿಂಗ್ ಬಲ್ಲವರ ಅಭಿಪ್ರಾಯಗಳನ್ನೇ. ಯಾರ ವೇಗ ಎಷ್ಟು, ಯಾರ ಗುದ್ದಿಗೆ ಬಲ ಎಷ್ಟು, ಯಾರಿಗೆ ಏಟು ತಡೆಯುವ ತಾಕತ್ತು ಎಷ್ಟು ಎಂಬ ಅವರ ಅಂದಾಜುಗಳೇ ಒಳಗೆ ಹೋಗಿ, ಲೆಕ್ಕದ ವೇಷ ತೊಟ್ಟು ಹೊರಬಂದವು. ಸಾರ್ವಕಾಲಿಕ ಶ್ರೇಷ್ಠ ಹೆವಿವೇಟ್ ಬಾಕ್ಸರ್ ಯಾರು ಎಂಬ ಚರ್ಚೆ ಇಂದಿಗೂ ಬಹುಪಾಲು ಹೀಗೇ ನಡೆಯುತ್ತದೆ. ಅವನನ್ನು ಇವನ ಮುಂದೆ ನಿಲ್ಲಿಸಿದರೆ ಯಾರು ಗೆಲ್ಲುತ್ತಾರೆ ಎಂದು ಕೇಳಿಕೊಂಡು, ನಮಗೆ ಇಷ್ಟವಾದವನನ್ನು ಗೆಲ್ಲಿಸಿಬಿಡುತ್ತೇವೆ. ಇದರಿಂದ ಬೇಸತ್ತವರು ಬೇರೆ ಬೇರೆ ಕಾಲದವರನ್ನು ಹೋಲಿಸಲೇಬಾರದು ಎನ್ನುತ್ತಾರೆ. ಹೋಲಿಸಬಹುದು, ಹೋಲಿಸಲೂ ಬೇಕು ಎಂಬುದು ನನ್ನ ವಾದ. ಆದರೆ ಕೇಳುವ ಪ್ರಶ್ನೆಯನ್ನು ಬದಲಿಸಿಕೊಳ್ಳಬೇಕು.

ಮೊದಲು ಮೈಕಟ್ಟಿನ ಮಾತು. ಮಾರ್ಸಿಯಾನೊ ರಿಂಗಿಗಿಳಿಯುತ್ತಿದ್ದದ್ದು ಸುಮಾರು 85 ಕಿಲೋ ತೂಕದಲ್ಲಿ. ಇವತ್ತಾಗಿದ್ದರೆ ಅವನು ಹೆವಿವೇಟ್ ಬಾಕ್ಸರನೇ ಅಲ್ಲ; ಅದಕ್ಕಿಂತ ಕೆಳಗಿನ ಕ್ರೂಸರ್‌ವೇಟ್ ವಿಭಾಗಕ್ಕೆ ಸೇರುತ್ತಿದ್ದ. 1.98 ಮೀಟರ್ ಎತ್ತರದ ವ್ಲಾಡಿಮಿರ್ ಕ್ಲಿಚ್ಕೊ ಎದುರು ಅವನು ಏನು ಮಾಡಬಲ್ಲ ಎಂದು ಕೇಳುವವರಿದ್ದಾರೆ. ಆದರೆ ಗಾತ್ರವೇ ಎಲ್ಲವನ್ನೂ ತೀರ್ಮಾನಿಸುವುದಾದರೆ, 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಒಲೆಕ್ಸಾಂಡರ್ ಉಸಿಕ್ ತನಗಿಂತ ಸುಮಾರು 17 ಕಿಲೋ ಹೆಚ್ಚು ತೂಗುವ ಟೈಸನ್ ಫ್ಯೂರಿಯನ್ನು ಸೋಲಿಸುವುದು ಸಾಧ್ಯವಿರಲಿಲ್ಲ. ಇನ್ನೂ ಒಂದು ಮಾತಿದೆ. ಮಾರ್ಸಿಯಾನೊನನ್ನು ನಮ್ಮ ಕಾಲಕ್ಕೆ ಕರೆತಂದರೆ ನಮ್ಮ ಕಾಲದ ಊಟ, ತರಬೇತಿ, ವೈದ್ಯಕೀಯ ಎಲ್ಲವನ್ನೂ ಅವನಿಗೆ ಕೊಡಬೇಕು. ಕೊಟ್ಟ ಮೇಲೆ ಅವನು ಹಳೆಯ ಮಾರ್ಸಿಯಾನೊ ಆಗಿ ಉಳಿಯುವುದಿಲ್ಲ. ಫ್ಯೂರಿಯನ್ನು ಹಿಂದಕ್ಕೆ ಕಳಿಸಿದರೂ ಇದೇ ತೊಡಕು. 1915ರಲ್ಲಿ ಹವಾನಾದ ಬಯಲಲ್ಲಿ ಜಾಕ್ ಜಾನ್ಸನ್ ಮತ್ತು ಜೆಸ್ ವಿಲಾರ್ಡ್ ಒಪ್ಪಿಕೊಂಡಿದ್ದದ್ದು 45 ಸುತ್ತುಗಳ ಪಂದ್ಯಕ್ಕೆ. ಜಾನ್ಸನ್ ಬಿದ್ದದ್ದು 26ನೇ ಸುತ್ತಿನಲ್ಲಿ. ಅಲಿಯ ಕಾಲದ ವಿಶ್ವಪಟ್ಟದ ಪಂದ್ಯಗಳು 15 ಸುತ್ತು, ಈಗಿನವು 12. ಆಟದ ಹೆಸರು ಒಂದೇ ಆದರೂ ಆಟಗಾರನ ಮುಂದಿಟ್ಟ ಕೆಲಸ ಬೇರೆ ಬೇರೆ.

ಒಂದೇ ಕಾಲದವರನ್ನು ತೆಗೆದುಕೊಂಡರೂ ಯಾರು ಯಾರನ್ನು ಸೋಲಿಸಿದರು ಎಂಬುದರಿಂದ ಏಣಿ ಕಟ್ಟಲು ಬರುವುದಿಲ್ಲ. 1973ರಲ್ಲಿ ಕೆನ್ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದ. ಮರುವರ್ಷ ಜಾರ್ಜ್ ಫೋರ್‌ಮನ್ ಅದೇ ನಾರ್ಟನ್‌ನನ್ನು ಎರಡೇ ಸುತ್ತಿನಲ್ಲಿ ಮುಗಿಸಿದ. ಅಲಿಗೆ ಮೊದಲ ಸೋಲು ಉಣಿಸಿದ್ದ ಜೋ ಫ್ರೇಜಿಯರ್‌ಗೂ ಫೋರ್‌ಮನ್ ಎದುರು ಅದೇ ಗತಿಯಾಗಿತ್ತು. ಈ ಲೆಕ್ಕದಲ್ಲಿ ಫೋರ್‌ಮನ್ ಎದುರು ಅಲಿ ನಿಲ್ಲಲೇಬಾರದಿತ್ತು. ಆದರೆ 1974ರ ಅಕ್ಟೋಬರ್ 30ರಂದು ಕಿನ್ಷಾಸಾದಲ್ಲಿ ಅಲಿ ಹಗ್ಗಕ್ಕೆ ಒರಗಿ ನಿಂತು, ಫೋರ್‌ಮನ್‌ನ ತೋಳು ಸೋಲುವವರೆಗೂ ಹೊಡೆಸಿಕೊಂಡು, ಎಂಟನೇ ಸುತ್ತಿನಲ್ಲಿ ಅವನನ್ನು ಕೆಡವಿದ. ಒಬ್ಬನ ಶೈಲಿ ಇನ್ನೊಬ್ಬನಿಗೆ ಒಗ್ಗದಿರುವುದು ಈ ಆಟದ ಸ್ವಭಾವ. ನಿಜವಾಗಿ ನಡೆದ ಪಂದ್ಯಗಳೇ ಸರಳ ಕ್ರಮಕ್ಕೆ ಒಗ್ಗದಿರುವಾಗ ಕಲ್ಪನೆಯ ಪಂದ್ಯಗಳಿಂದ ಕ್ರಮ ಹೊಮ್ಮೀತು ಎಂದು ನಂಬುವುದು ಹೇಗೆ?

ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? ತನ್ನ ಕಾಲ ಕೊಟ್ಟ ಎದುರಾಳಿಗಳಲ್ಲಿ ಅತ್ಯಂತ ಬಲಶಾಲಿಗಳನ್ನು ಅವನು ಎದುರಿಸಿದನೆ? ಅವರ ಕಸುವು ತುಂಬಿದ್ದಾಗ ಎದುರಿಸಿದನೆ? ಸೋತ ಮೇಲೆ ಏನು ಮಾಡಿದ? ಈ ಮೂರಕ್ಕೂ ಉತ್ತರ ದಾಖಲೆಯಲ್ಲಿ ಸಿಗುತ್ತದೆ, ಕಲ್ಪಿಸಿಕೊಳ್ಳಬೇಕಿಲ್ಲ. ಎಲ್ಲ ಕಾಲದವರಿಗೂ ಈ ಪ್ರಶ್ನೆಗಳು ಸಮಾನವಾಗಿ ಅನ್ವಯಿಸುತ್ತವೆ.

ಈ ಅಳತೆಯಲ್ಲಿ ಮಾರ್ಸಿಯಾನೊನ ಸೊನ್ನೆ ಸೋಲು ಸ್ವಲ್ಪ ಕಳೆಗುಂದುತ್ತದೆ. ಅವನ ಎದೆಗಾರಿಕೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅವನು ಸೋಲಿಸಿದಾಗ ಜೋ ಲೂಯಿಸ್‌ಗೆ 37 ವರ್ಷ, ಜರ್ಸಿ ಜೋ ವಾಲ್ಕಾಟ್‌ಗೆ 38, ಆರ್ಚಿ ಮೂರ್ ನಲವತ್ತರ ಆಸುಪಾಸಿನವನು. ಮೈಕ್ ಟೈಸನ್ 1986ರಲ್ಲಿ 20ನೇ ವಯಸ್ಸಿಗೇ ಪಟ್ಟಕ್ಕೇರಿದ, ಅವನ ಹೊಡೆತಕ್ಕೆ ಜಗತ್ತು ಬೆಚ್ಚಿತು. ಆದರೂ ತನ್ನನ್ನು ಸೋಲಿಸಿದ ಯಾರನ್ನೂ ಅವನು ಮತ್ತೆ ಗೆಲ್ಲಲಿಲ್ಲ. ಲೆನಾಕ್ಸ್ ಲೂಯಿಸ್ ಇದಕ್ಕೆ ತದ್ವಿರುದ್ಧ. ಆಲಿವರ್ ಮೆಕಾಲ್ ಮತ್ತು ಹಸೀಮ್ ರಹಮಾನ್ ಅವನನ್ನು ನೆಲಕ್ಕೆ ಕೆಡವಿದ್ದರು. ಇಬ್ಬರಿಗೂ ಅವನು ತಿರುಗಿ ಉತ್ತರ ಕೊಟ್ಟು ನಿವೃತ್ತನಾದ. ಬಹಳ ಪಟ್ಟಿಗಳಲ್ಲಿ ಅವನಿಗೆ ಸಿಗುವ ಜಾಗಕ್ಕಿಂತ ಮೇಲಿನದು ಅವನಿಗೆ ಸಲ್ಲಬೇಕು. ನನ್ನ ಪಟ್ಟಿಯಲ್ಲಿ ಅವನು ಮೂರನೆಯವನು.

ಮೊದಲೆರಡು ಸ್ಥಾನಗಳಿಗೆ ಪೈಪೋಟಿ ಇರುವುದು ಜೋ ಲೂಯಿಸ್ ಮತ್ತು ಅಲಿಯ ನಡುವೆ. ಲೂಯಿಸ್ 1937ರಿಂದ 1949ರವರೆಗೆ ಪಟ್ಟದಲ್ಲಿದ್ದು, ಅದನ್ನು 25 ಬಾರಿ ಉಳಿಸಿಕೊಂಡ. 1936ರಲ್ಲಿ ತನ್ನನ್ನು ಮಲಗಿಸಿದ್ದ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನನ್ನು ಎರಡು ವರ್ಷದ ಬಳಿಕ ಮೊದಲ ಸುತ್ತಿನಲ್ಲೇ, 124 ಸೆಕೆಂಡುಗಳಲ್ಲಿ ಮುಗಿಸಿದ. ಅಷ್ಟು ದೀರ್ಘ ಆಳ್ವಿಕೆ ಹೆವಿವೇಟ್‌ನಲ್ಲಿ ಬೇರೆ ಯಾರದೂ ಇಲ್ಲ. ಆದರೂ ನಾನು ಅಲಿಯನ್ನೇ ಮುಂದಿಡುತ್ತೇನೆ. ಯುದ್ಧ ವಿರೋಧಿಯಾಗಿ ಅವನು ತೋರಿದ ಧೈರ್ಯ, ಅವನ ಮಾತಿನ ಸೊಬಗು, ಕೀರ್ತಿ ಎಲ್ಲವನ್ನೂ ಪಕ್ಕಕ್ಕಿಟ್ಟು ಬರಿಯ ರಿಂಗಿನ ಲೆಕ್ಕ ಹಿಡಿದರೂ ಅವನೇ ಮುಂದು. ಸೋನಿ ಲಿಸ್ಟನ್, ಫ್ರೇಜಿಯರ್, ಫೋರ್‌ಮನ್, ನಾರ್ಟನ್: ಇಷ್ಟು ಬಲವಾದ ಎದುರಾಳಿಗಳ ಸಾಲು ಇನ್ನೊಬ್ಬ ಚಾಂಪಿಯನ್‌ಗೆ ಸಿಕ್ಕಿಲ್ಲ. 25ರಿಂದ 28ರವರೆಗಿನ ಹರೆಯದ ವರ್ಷಗಳು ಸೇನೆ ಸೇರದ್ದಕ್ಕೆ ಬಿದ್ದ ನಿಷೇಧದಲ್ಲಿ ಕಳೆದುಹೋದ ಮೇಲೆ, ಕಾಲಿನ ಹಳೆಯ ಚುರುಕು ಇಲ್ಲದೆಯೇ ಅವನು ಇವರಲ್ಲಿ ಬಹುಪಾಲು ಜನರನ್ನು ಎದುರಿಸಿದ. 1978ರಲ್ಲಿ ಲಿಯಾನ್ ಸ್ಪಿಂಕ್ಸ್ ಮೇಲೆ ಗೆದ್ದಾಗ, ಅಲ್ಲಿಯವರೆಗೆ ತನ್ನನ್ನು ಸೋಲಿಸಿದ್ದ ಮೂವರನ್ನೂ ಅವನು ತಿರುಗಿ ಸೋಲಿಸಿದಂತಾಯಿತು. 1976ರ ನಾರ್ಟನ್ ಪಂದ್ಯದ ತೀರ್ಪಿನಂಥ ಕೆಲವು ಗೆಲುವುಗಳ ಬಗ್ಗೆ ತಕರಾರು ಇರುವುದು ನಿಜ. ಅವನ್ನು ಕಳೆದರೂ ಉಳಿಯುವ ಮೊತ್ತ ದೊಡ್ಡದು.

ಎದುರಾಳಿಯೇ ಅಳತೆಗೋಲು ಎಂದಮೇಲೆ, ಎದುರಾಗಲು ಬಿಡದೆ ಹೊರಗಿಟ್ಟವರ ವಿಷಯ ಬಿಟ್ಟು ಮುಂದೆ ಹೋಗುವಂತಿಲ್ಲ. ಹೆವಿವೇಟ್ ಚಾಂಪಿಯನ್ ಆಗಿದ್ದ ಜಾನ್ ಎಲ್. ಸಲಿವನ್ ಕಪ್ಪು ಬಾಕ್ಸರುಗಳೊಡನೆ ಸೆಣಸುವುದಿಲ್ಲವೆಂದು ಬಹಿರಂಗವಾಗಿಯೇ ಹೇಳಿದ್ದ. 1908ರಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಜಾಕ್ ಜಾನ್ಸನ್ ಆ ಗೋಡೆ ಒಡೆದ. ಆದರೆ ಪಟ್ಟ ಸಿಕ್ಕಮೇಲೆ ಅವನೂ ಅಪ್ರತಿಮ ಬಾಕ್ಸರ್ ಸ್ಯಾಮ್ ಲ್ಯಾಂಗ್‌ಫರ್ಡ್‌ಗೆ ಅವಕಾಶ ಕೊಡಲಿಲ್ಲ. 1915ರಲ್ಲಿ ಜಾನ್ಸನ್ ಸೋತ ಬಳಿಕ ಜೋ ಲೂಯಿಸ್ ಬರುವವರೆಗೆ, 22 ವರ್ಷ, ಒಬ್ಬ ಕಪ್ಪು ಬಾಕ್ಸರನಿಗೂ ಹೆವಿವೇಟ್ ಪಟ್ಟಕ್ಕೆ ಸ್ಪರ್ಧಿಸಲು ಬಿಡಲಿಲ್ಲ. ಜಾಕ್ ಡೆಂಪ್ಸಿ 1919ರಿಂದ 1926ರವರೆಗೆ ಚಾಂಪಿಯನ್ ಆಗಿದ್ದಾಗ ಪಟ್ಟಕ್ಕೆ ಮೊದಲ ಹಕ್ಕುದಾರನೆನಿಸಿದ್ದವನು ಹ್ಯಾರಿ ವಿಲ್ಸ್. ಪಂದ್ಯದ ಮಾತುಕತೆ ಮತ್ತೆ ಮತ್ತೆ ನಡೆದರೂ ಪಂದ್ಯ ನಡೆಯಲಿಲ್ಲ. ತಪ್ಪು ಡೆಂಪ್ಸಿಯೊಬ್ಬನದಲ್ಲ, ಸಂಘಟಕರೂ ಅಧಿಕಾರದಲ್ಲಿದ್ದವರೂ ಅದರಲ್ಲಿ ಪಾಲುದಾರರು. ಆದರೆ ಡೆಂಪ್ಸಿಯ ಕೀರ್ತಿಯಿಂದ ಆ ಪಂದ್ಯದ ಕೊರತೆಯನ್ನು ಕಳೆಯಲೇಬೇಕು. ವಿಲ್ಸ್‌ನ ದಾಖಲೆಯಲ್ಲಿ ವಿಶ್ವಪಟ್ಟ ಇಲ್ಲವೆಂಬುದನ್ನು ಅವನ ಕುಂದಾಗಿ ಎಣಿಸುವುದು ಅವನಿಗೆ ಎರಡನೇ ಬಾರಿ ಅನ್ಯಾಯ ಮಾಡಿದಂತೆ.

ಕಾಲಕಾಲದ ವೀರರನ್ನು ಶ್ರೇಣಿಯಲ್ಲಿ ನಿಲ್ಲಿಸುವುದು ಪೊಳ್ಳು ಕೆಲಸವಲ್ಲ ಎಂದು ನಾನು ನಂಬುವುದು ಇದಕ್ಕೇ. ಎಚ್ಚರದಿಂದ ಮಾಡಿದರೆ ಅದು ಒಬ್ಬೊಬ್ಬ ಬಾಕ್ಸರನ ಜೊತೆಗೆ ಅವನ ಕಾಲವನ್ನೂ ವಿಚಾರಣೆಗೆ ಒಳಪಡಿಸುತ್ತದೆ. ಅಲಿ, ಜೋ ಲೂಯಿಸ್, ಲೆನಾಕ್ಸ್ ಲೂಯಿಸ್ ಎಂಬ ನನ್ನ ಕ್ರಮವನ್ನು ಬೇರೆಯವರು ಬದಲಿಸಿಕೊಳ್ಳಲಿ, ಅದಕ್ಕೆ ಕಾರಣ ಕೊಡಲಿ. ಆದರೆ ಪ್ರತಿ ಚಾಂಪಿಯನ್ನನ ಹೆಸರಿನ ಎದುರು ಎರಡು ಸಂಗತಿಗಳು ಇರಲೇಬೇಕು: ಅವನು ಯಾರನ್ನು ಎದುರಿಸಿದ, ಯಾರನ್ನು ಎದುರಿಸಲಿಲ್ಲ. ಲ್ಯಾಂಗ್‌ಫರ್ಡ್ ಮತ್ತು ವಿಲ್ಸ್‌ಗೆ ನಾವು ಈಗ ಪಟ್ಟ ಕೊಡಲಾರೆವು. ಪಟ್ಟ ಕಟ್ಟಿಕೊಂಡವರನ್ನು ಅಳೆಯುವಾಗ ಅವರನ್ನು ಲೆಕ್ಕಕ್ಕೆ ಹಿಡಿಯುವುದು ಮಾತ್ರ ಇನ್ನೂ ನಮ್ಮ ಕೈಯಲ್ಲಿದೆ.