ಕೋಷ್ಟಕ ಬರೆದವರು ಹೇಡಿಗಳಲ್ಲ

ನಾಲ್ಕು ದಶಕಗಳ ಹಿಂದೆ ಭೌತಶಾಸ್ತ್ರದ ತರಗತಿಯಲ್ಲಿ ನಾನು ಹೇಳುತ್ತಿದ್ದ ಮಾತೊಂದಿದೆ: ಸಂದರ್ಭ ಕಳಚಿದ ಅಂಕಿ ಜ್ಞಾನವಲ್ಲ. ಆ ಮಾತು ಮತ್ತೆ ನೆನಪಾದದ್ದು ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದಾಗ.

ಸಿಡಿಸಿದ ತೋಟಾಗಳ ಹಿತ್ತಾಳೆ ಕೊಳವೆಗೆ ಮನೆಯಲ್ಲಿಯೇ ಮದ್ದು ತುಂಬಿ ಮರುಬಳಸುವುದು ಆ ದೇಶದಲ್ಲಿ ಸಾಮಾನ್ಯ ಹವ್ಯಾಸ. (ನಮ್ಮಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ.) ಎಷ್ಟು ಮದ್ದು ಹಾಕಬೇಕೆಂದು ತಿಳಿಸುವ ಕೋಷ್ಟಕಗಳನ್ನು ಮದ್ದು ತಯಾರಕರೇ ಪ್ರಕಟಿಸುತ್ತಾರೆ. ನೆರೆಯ ಹಿರಿಯರೊಬ್ಬರು ಅಂಥ ಪುಸ್ತಕ ತೋರಿಸಿ ನಕ್ಕರು: "ಹಳೆಯ ಪುಸ್ತಕದಲ್ಲಿ ಇದಕ್ಕಿಂತ ಹೆಚ್ಚಿತ್ತು. ವಕೀಲರಿಗೆ ಹೆದರಿ ಇಳಿಸಿದ್ದಾರೆ, ಮೇಷ್ಟ್ರೇ!"

ಈ ಮಾತನ್ನು ನಾನು ಖಂಡಿಸುತ್ತೇನೆ. ಹಿಂದೆ ತಾಮ್ರದ ತುಂಡೊಂದು ಎಷ್ಟು ಜಜ್ಜಿತು ಎಂಬುದರಿಂದ ಒತ್ತಡವನ್ನು ಅಂದಾಜು ಮಾಡುತ್ತಿದ್ದರು. ಅನಂತರ ಬಂದ ಪೀಜೋವಿದ್ಯುತ್ ಸಂವೇದಕಗಳು ಕ್ಷಣಕ್ಷಣದ ಏರಿಳಿತವನ್ನೂ ಹಿಡಿದವು. ತಾಮ್ರಕ್ಕೆ ಕಾಣದಿದ್ದ ಶಿಖರಗಳು ಕಂಡವು. ಅಂಕಿ ಇಳಿದುದಕ್ಕೆ ಮುಖ್ಯ ಕಾರಣಗಳಲ್ಲೊಂದು ಉತ್ತಮ ಅಳತೆ. ಅದನ್ನು ಅಂಜುಬುರುಕುತನವೆನ್ನುವುದು, ಹೊಸ ಜ್ವರಮಾಪಕ ಜ್ವರ ತೋರಿಸಿತೆಂದು ವೈದ್ಯನನ್ನು ಬೈದಂತೆ.

"ತುಸು ಹೆಚ್ಚಾದರೆ ಏನಾದೀತು?" ಎನ್ನುವವರಿದ್ದಾರೆ. ಹೊಗೆರಹಿತ ಮದ್ದಿನ ಸ್ವಭಾವವೇ ಬೇರೆ. ಒತ್ತಡ ಏರಿದಂತೆ ಅದು ಉರಿಯುವ ವೇಗ ಏರುತ್ತದೆ; ವೇಗ ಏರಿದಂತೆ ಒತ್ತಡ ಮತ್ತೂ ಏರುತ್ತದೆ. ಇಲ್ಲಿ ತ್ರೈರಾಶಿಯ ಲೆಕ್ಕ ನಡೆಯದು. .30-06 ಎಂಬ ತೋಟಾಗೆ ನಿಗದಿಯಾದ ಗರಿಷ್ಠ ಸರಾಸರಿ ಒತ್ತಡ ಚದರ ಅಂಗುಲಕ್ಕೆ 60,000 ಪೌಂಡು. ಕಾರಿನ ಚಕ್ರದಲ್ಲಿರುವುದು ಸುಮಾರು 30. ಅಂದರೆ ಎರಡು ಸಾವಿರ ಪಟ್ಟು, ಅದೂ ಕೆನ್ನೆಯ ಪಕ್ಕದಲ್ಲಿ!

"ಹಾಗಾದರೆ ಕಡಿಮೆ ಹಾಕಿದರೆ ಕ್ಷೇಮವಷ್ಟೆ?" ಅದೂ ಸಾರ್ವತ್ರಿಕ ಸತ್ಯವಲ್ಲ. ಎಚ್110ರಂಥ ಮದ್ದನ್ನು ಹೇಳಿದ್ದಕ್ಕಿಂತ ಬಹಳ ತಗ್ಗಿಸಿದರೆ ಸರಿಯಾಗಿ ಉರಿಯದೆ, ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದವನ ಗತಿಯನ್ನು ವಿವರಿಸಬೇಕಿಲ್ಲ.

ಕೋಷ್ಟಕದ ಒಂದು ಸಾಲು ಒಂದು ಪ್ರಯೋಗದ ವರದಿ. ಇಂಥ ಗುಂಡು, ಇಂಥ ಕೊಳವೆ, ಇಂಥ ಪ್ರೈಮರ್, ಇಷ್ಟು ಒಟ್ಟು ಉದ್ದ ಎಂಬ ಷರತ್ತುಗಳು ಅದರೊಂದಿಗಿರುತ್ತವೆ. ಗುಂಡನ್ನು ಹೆಚ್ಚು ಒಳಕ್ಕೆ ಒತ್ತಿದರೂ ಜಾಗ ಕುಗ್ಗಿ ಒತ್ತಡ ಏರೀತು. ಐಎಂಆರ್ 4350, ಎಚ್4350 ಇವುಗಳ ಸಂಖ್ಯೆ ಒಂದೇ, ಮದ್ದು ಬೇರೆ. ಗ್ರೈನ್ ಮತ್ತು ಗ್ರಾಂ ಕೇಳಲು ಅಣ್ಣತಮ್ಮಂದಿರಂತಿದ್ದರೂ ಒಂದು ಗ್ರಾಮಿಗೆ 15.43 ಗ್ರೈನ್. ವಿದ್ಯುನ್ಮಾನ ತಕ್ಕಡಿಯ ಒಂದು ಗುಂಡಿ ತಪ್ಪಿ ಒತ್ತಿದರೆ ಸಾಕು.

ಆದ್ದರಿಂದ ತಯಾರಕರ ಈಚಿನ ಕೋಷ್ಟಕವನ್ನೇ ನೋಡಬೇಕು. ಅದು ಹೇಳುವ ಆರಂಭದ ಪ್ರಮಾಣದಿಂದ ಹೊರಟು ಹಂತಹಂತವಾಗಿ ಏರಬೇಕು. ಘಟಕವೊಂದು ಬದಲಾದರೆ ಮತ್ತೆ ಮೊದಲಿನಿಂದ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಬೇಕು. ಗುಂಡು ಕೂರಿಸುವ ಮುನ್ನ ಪ್ರತಿಯೊಂದು ಕೊಳವೆಗೂ ದೀಪ ಹಿಡಿದು ಇಣುಕಬೇಕು. 1898ರ .38 ಸ್ಪೆಷಲ್ ಕಪ್ಪುಮದ್ದಿಗಾಗಿ ಹುಟ್ಟಿದ ದೊಡ್ಡ ಕೊಳವೆ; ಇಂದಿನ ಮದ್ದು ಅಕಸ್ಮಾತ್ ಎರಡು ಬಾರಿ ಬಿದ್ದರೂ ಚೆಲ್ಲಿ ಎಚ್ಚರಿಸದು.

ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನಕಲು ಮಾಡಿದವನಿಗೆ ನಾನು ಸೊನ್ನೆ ಕೊಡುತ್ತಿದ್ದೆ. ಈ ವಿದ್ಯೆಯಲ್ಲಿ ನಕಲಿಗೆ ತೆರುವ ಬೆಲೆ ಬೆರಳು, ಇಲ್ಲವೆ ಕಣ್ಣು. ಆ ಹಿರಿಯರಿಗೂ ಇದನ್ನೇ ಹೇಳಿ ಬಂದೆ.