ಆನೆಯು ನಮ್ಮನ್ನು ಅರಿಯುವ ಬಗೆ

ಶಿರಾಡಿ ಘಟ್ಟದ ನೆತ್ತಿಯಲ್ಲಿರುವ ಮಾರನಹಳ್ಳಿಯ ಕಡೆಯ ಸೋದರಿಯೊಬ್ಬರು ನಮಗೆ ಕಾಗದ ಬರೆದು, ಕೊಟ್ಟಿಗೆಯಲ್ಲಿ ಗೋಣಿ ಮುಚ್ಚಿಟ್ಟಿದ್ದ ಹಲಸಿನ ಹಣ್ಣು ಕತ್ತಲಲ್ಲಿ ಆನೆಗೆ ಕಂಡುದು ಹೇಗೆಂದು ಕೇಳಿರುವರು. ಸಕಲೇಶಪುರ, ಆಲೂರು ಸೀಮೆಯವರಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ೨೦೧೪ರಲ್ಲಿ ಆಲೂರಿನ ಕಡೆಯಿಂದ ೨೨ ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಕಾಫಿ ತೋಟಗಳಲ್ಲಿ ಆನೆಗಳ ಸಂಚಾರವು ನಿಂತಿಲ್ಲ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟ ಕೂಲಿಯವರು ಅವುಗಳಿಗೆ ಎದುರಾಗಿ ಪ್ರಾಣ ಕಳೆದುಕೊಂಡುದೂ ಉಂಟು. ಆದಕಾರಣ ಆ ಪ್ರಾಣಿಯು ಯಾವ ಇಂದ್ರಿಯದಿಂದ ನಮ್ಮನ್ನು ಅರಿಯುವುದೆಂಬುದನ್ನು ಮನೆಮಂದಿಯೆಲ್ಲರೂ ತಿಳಿದಿರುವುದು ಒಳ್ಳೆಯದು.

ಕಂಡಿತೆಂಬ ಮಾತೇ ಇಲ್ಲಿ ಸಲ್ಲದು. ಆನೆಯ ಕಣ್ಣು ಮಂದ ಬೆಳಕಿನಲ್ಲಿ ಸಾಕಷ್ಟು ಕೆಲಸ ಮಾಡುವುದಾದರೂ ಅದರ ದೃಷ್ಟಿಯು ಸಾಮಾನ್ಯವಾದುದು. ಕೆಂಪು ಹಸಿರುಗಳ ಭೇದವೂ ಅದಕ್ಕೆ ಚೆನ್ನಾಗಿ ತಿಳಿಯದು. ಅದರ ಪ್ರಧಾನೇಂದ್ರಿಯವು ಘ್ರಾಣ. ಸಂಸ್ಕೃತದಲ್ಲಿ ಹಸ್ತಿ ಎಂದರೆ ಕೈಯುಳ್ಳದ್ದು. ಆ ಕೈಯೇ ಮೂಗೂ ಆಗಿರುವುದು ಸೃಷ್ಟಿಯ ಸೋಜಿಗ. ಹಣ್ಣಿನಿಂದ ಹೊರಟ ಸೂಕ್ಷ್ಮ ಕಣಗಳು ಗಾಳಿಯಲ್ಲಿ ತೇಲಿ, ಸೊಂಡಿಲಿನ ಮೂಲಕ ತಲೆಯೊಳಗಿನ ತೇವವಾದ ಪೊರೆಯನ್ನು ಮುಟ್ಟುವುವು. ಅಲ್ಲಿರುವ ಒಂದೊಂದು ಬಗೆಯ ಗ್ರಾಹಕವೂ ಕೆಲವೇ ಕಣಗಳಿಗೆ ಒಗ್ಗುವುದು. ಒಗ್ಗಿದೊಡನೆ ನರದಲ್ಲಿ ವಿದ್ಯುತ್ತಿನ ಮಿಡಿತವು ಹೊರಟು ಮೆದುಳನ್ನು ಸೇರುವುದು. ಯಾವ ಯಾವ ಗ್ರಾಹಕಗಳು ಒಟ್ಟಿಗೆ ಎಚ್ಚತ್ತವೆಂಬುದನ್ನು ಕೂಡಿಸಿಕೊಂಡು ಮೆದುಳು ‘ಇದು ಹಲಸು’ ಎಂದು ನಿರ್ಣಯಿಸುವುದು. ಇಂಥ ಗ್ರಾಹಕಗಳನ್ನು ನಿರ್ಮಿಸುವ ವಂಶವಾಹಿಗಳು ಮನುಷ್ಯನಲ್ಲಿ ಸುಮಾರು ೪೦೦. ಆಫ್ರಿಕದ ಆನೆಯಲ್ಲಿ ಸುಮಾರು ೨೦೦೦ ಎಂದು ಜಪಾನಿನ ವಿದ್ವಾಂಸರು ೨೦೧೪ರಲ್ಲಿ ಪ್ರಕಟಿಸಿದರು. ನಮ್ಮ ಏಷ್ಯದ ಆನೆಗಳೋ, ಮುಚ್ಚಿದ ಎರಡು ಪಾತ್ರೆಗಳಲ್ಲಿ ಸೂರ್ಯಕಾಂತಿ ಬೀಜವು ಯಾವುದರಲ್ಲಿ ಹೆಚ್ಚಾಗಿದೆಯೆಂಬುದನ್ನು ಮೂಸಿಯೇ ಆರಿಸಿದುವೆಂದು ಥಾಯ್ಲೆಂಡಿನಲ್ಲಿ ನಡೆದ ಪರೀಕ್ಷೆಯಿಂದ ೨೦೧೯ರಲ್ಲಿ ತಿಳಿದುಬಂದಿತು. ಗೋಣಿಯ ಮರೆಯು ಯಾವ ಲೆಕ್ಕ!

ಮದಿಸಿದ ಆನೆಯ ಕಪೋಲಕ್ಕೆ ದುಂಬಿಗಳು ಮುತ್ತುವುದನ್ನು ನಮ್ಮ ಪ್ರಾಚೀನ ಕವಿಗಳು ವರ್ಣಿಸದೆ ಬಿಟ್ಟವರಲ್ಲ. ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ಹುಡುಗರು ಇದನ್ನು ಕವಿಗಳ ಕಟ್ಟುಕತೆಯೆಂದು ನಗುತ್ತಿದ್ದರು. ಎಳೆಯ ಗಂಡಾನೆಯ ಮದಜಲದಲ್ಲಿ ಜೇನಿನಂಥ ಪರಿಮಳವಿರುವುದು ನಿಜವೆಂದು ಅಮೆರಿಕದ ವಿಜ್ಞಾನಿ ರಾಸ್ಮುಸೆನ್ ಎಂಬಾಕೆಯೂ ಅವರ ಸಂಗಡಿಗರೂ ೨೦೦೨ರಲ್ಲಿ ತೋರಿಸಿಕೊಟ್ಟರು; ಪ್ರಾಯ ಬಲಿತ ಸಲಗದ್ದು ಮಾತ್ರ ದುರ್ಗಂಧ. ಆ ದುರ್ಗಂಧವು ಮೂಗಿಗೆ ಬಿದ್ದರೆ ಎಳೆಯ ಗಂಡಾನೆಗಳು ದೂರ ಸರಿಯುವುವು.

ಇನ್ನು ಕಿವಿ. ೧೯೮೪ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಮೃಗಾಲಯದಲ್ಲಿ ಏಷ್ಯದ ಆನೆಗಳ ಬಳಿಯಿದ್ದ ಕ್ಯಾಥರೀನ್ ಪೇಯ್ನ್ ಎಂಬಾಕೆಗೆ ಶಬ್ದವಿಲ್ಲದೆಯೇ ಗಾಳಿಯು ಮಿಡಿದಂತಾಯಿತು. ಯಂತ್ರದಲ್ಲಿ ಹಿಡಿದು ನೋಡಲು, ಅವು ಸೆಕೆಂಡಿಗೆ ೧೪ರಿಂದ ೨೪ ಕಂಪನಗಳ ಮಂದ್ರಧ್ವನಿಯಲ್ಲಿ ಸಂಭಾಷಿಸುತ್ತಿದ್ದುವು. ೨೦ಕ್ಕಿಂತ ಕೆಳಗಿನದು ನಮ್ಮ ಕಿವಿಗೆ ಕೇಳಿಸದು. ಇಂಥ ಧ್ವನಿಯು ಎಲೆ ಕೊಂಬೆಗಳ ನಡುವೆಯೂ ಹೆಚ್ಚು ಕುಗ್ಗದೆ ಬಹುದೂರ ಸಾಗುವುದು. ಅಂಗಾಲಿನಲ್ಲಿಯೂ ನೆಲದ ಕಂಪನವನ್ನು ಹಿಡಿಯುವ ನರಾಗ್ರಗಳಿವೆ. ಶಬ್ದವು ಆಕಾಶದ ಗುಣವೆಂದು ತರ್ಕ ಕಲಿತ ನಮಗೆ, ಆನೆಗೆ ಭೂಮಿಯೂ ವಾರ್ತೆಯನ್ನು ತರುವುದೆಂಬುದು ವಿಸ್ಮಯವೇ ಸರಿ. ತೋಟವು ನಿಶ್ಶಬ್ದವಾಗಿರುವುದರಿಂದ ಆನೆಯಿಲ್ಲವೆಂದು ನಂಬುವುದು ಅಪಾಯ. ಹಿಂಡು ಆಗಲೂ ಮಾತನಾಡುತ್ತಿರಬಹುದು.

ಸೋದರಿಯವರು ಹಣ್ಣಾದ ಹಲಸನ್ನು ಮನೆಯ ಬಳಿ ಇಡದಿರುವುದೇ ಲೇಸು. ಹಾದಿ ನಡೆವವರಿಗೆ ಗಾಳಿಯೇ ಮುಖ್ಯ. ಅದು ನಮ್ಮ ಕಡೆಯಿಂದ ಆನೆಯ ಕಡೆಗೆ ಬೀಸುತ್ತಿದ್ದರೆ ನಮ್ಮ ವಾಸನೆಯನ್ನರಿತು ಆನೆಯು ಮೊದಲೇ ಸರಿಯುವುದುಂಟು. ಎದುರುಗಾಳಿಯಲ್ಲಿ ಸದ್ದಿಲ್ಲದೆ ನಡೆವವನ ಸುಳಿವು ಅದಕ್ಕೆ ಸಿಕ್ಕದೆ, ತಿರುವಿನಲ್ಲಿ ಥಟ್ಟನೆ ಕಂಡು ಬೆಚ್ಚುವುದು. ಬೆಚ್ಚಿದ ಆನೆಯು ಮೈಮೇಲೆ ಬರುವುದು. ಒಂಟಿಯಾಗಿ ಹೋಗದೆ, ಗಟ್ಟಿಯಾಗಿ ಮಾತನಾಡುತ್ತ ನಡೆಯಬೇಕೆನ್ನುವುದು ಇದಕ್ಕಾಗಿಯೇ. ಅರಣ್ಯ ಇಲಾಖೆಯವರು ಕೆಲವು ಹೆಣ್ಣಾನೆಗಳ ಕೊರಳಿಗೆ ರೇಡಿಯೋ ಪಟ್ಟಿಯನ್ನು ಕಟ್ಟಿ, ಹಿಂಡಿನ ನೆಲೆಯನ್ನು ಊರವರ ಮೊಬೈಲಿಗೆ ತಿಳಿಸುವರು. ಒಂಟಿ ಸಲಗಗಳೆಲ್ಲಕ್ಕೂ ಆ ಪಟ್ಟಿಯಿಲ್ಲ. ಸಂದೇಶವು ಬರಲಿಲ್ಲವೆಂದು, ಮಂಜು ಕರಗುವ ಮುನ್ನ ಮಕ್ಕಳನ್ನು ತೋಟದ ಕಾಲುದಾರಿಯಲ್ಲಿ ಶಾಲೆಗೆ ಕಳುಹಿಸಬಾರದು.