ಡಬಲ್ ಎಂಟ್ರಿ ಯಾರಿಗಾಗಿ ಸ್ವಾಮಿ?

ನಮ್ಮ ಪುರಸಭೆ, ನಗರಸಭೆಗಳಿಗೆ ಡಬಲ್ ಎಂಟ್ರಿ ಲೆಕ್ಕ ಬಂದದ್ದು ಹೇಗೆ ಗೊತ್ತಾ? ಊರಿನವರು ಕೇಳಿದರು ಅಂತಲ್ಲ. ದುಡ್ಡು ಕೊಡುವವರು ಕೇಳಿದರು ಅಂತ!

2005ರ ಡಿಸೆಂಬರಿನಲ್ಲಿ ಶುರುವಾದ ಕೇಂದ್ರದ ನರ್ಮ್ ಯೋಜನೆ ಇದನ್ನು ಕಡ್ಡಾಯ ಸುಧಾರಣೆಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ನಮ್ಮ ರಾಜ್ಯದ ಪುರಸಭೆಗಳಿಗೆ ಹೊಸ ಲೆಕ್ಕಪತ್ರ ನಿಯಮಗಳು ಬಂದವು. ಮುಂದೆ 15ನೇ ಹಣಕಾಸು ಆಯೋಗ, 2021-26ರ ಅನುದಾನ ಬೇಕಾದರೆ ಲೆಕ್ಕವನ್ನು ಅಂತರ್ಜಾಲದಲ್ಲಿ ಹಾಕಿ ಅಂತ ಷರತ್ತು ಹಾಕಿತು.

ಪದ್ಧತಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಳೇ ನಗದು ಪುಸ್ತಕವೇ ದೊಡ್ಡ ಮೋಸ. ಹತ್ತು ಲಕ್ಷದ ಚರಂಡಿ ಕಟ್ಟಿಸಿ, ಗುತ್ತಿಗೆದಾರನ ಬಿಲ್ಲನ್ನು ಹಾಗೇ ಇಟ್ಟುಕೊಂಡರೆ ಆ ಪುಸ್ತಕದ ಪ್ರಕಾರ ಖರ್ಚೇ ಆಗಿಲ್ಲ! ಕೈಯಲ್ಲಿ ದುಡ್ಡಿದೆಯಲ್ಲ ಅಂತ ಇನ್ನೊಂದು ಕಾಮಗಾರಿಗೆ ಮಂಜೂರಾತಿ. ಹೊಸ ಪದ್ಧತಿಯಲ್ಲಿ ಕೊಡಬೇಕಾದ ಬಾಕಿ, ವಸೂಲಾಗದ ತೆರಿಗೆ, ಸವೆಯುತ್ತಿರುವ ನೀರಿನ ಪೈಪು ಎಲ್ಲವೂ ಲೆಕ್ಕಕ್ಕೆ ಬರಬೇಕು.

ಆದರೆ ಆಗುತ್ತಿರುವುದೇನು? ಎಷ್ಟೋ ಕಡೆ ವರ್ಷ ಮುಗಿದ ಮೇಲೆ ಹೊರಗಿನ ಲೆಕ್ಕಿಗರು ಬಂದು, ವೋಚರ್ ಕಟ್ಟು ಬಿಚ್ಚಿ, ಬ್ಯಾಲೆನ್ಸ್ ಶೀಟ್ ತಯಾರಿಸಿ ಹೋಗುತ್ತಾರೆ. ಕಚೇರಿಯ ಗುಮಾಸ್ತನಿಗೆ ಅದು ಅರ್ಥವಾಗಿರುವುದಿಲ್ಲ. ಸದಸ್ಯರು ಕೈ ಎತ್ತುತ್ತಾರೆ. ಅನುದಾನದ ಷರತ್ತು ಪೂರೈಸಿತು, ಸುಧಾರಣೆ ಮುಗಿಯಿತು! ಮದುವೆ ಆಯಿತು, ಮದುಮಗನೇ ಇಲ್ಲ ಅಂದ ಹಾಗೆ.

ಇದಕ್ಕೊಂದು ಸಿದ್ಧ ಉತ್ತರವಿದೆ: "ಜನಕ್ಕೆ ಇದೆಲ್ಲ ಅರ್ಥವಾಗಲ್ಲ." ಹೌದಾ? ಸ್ತ್ರೀಶಕ್ತಿ ಸಂಘದ ಹೆಂಗಸರು ವಾರವಾರ ಉಳಿತಾಯ, ಸಾಲ, ಬಡ್ಡಿ ಬರೆದು ಒಬ್ಬರ ಮುಂದೊಬ್ಬರು ತಾಳೆ ನೋಡುತ್ತಾರೆ. 2002ರಲ್ಲಿ ಬೆಂಗಳೂರಿನ ನಾಗರಿಕ ಸಂಘಟನೆಗಳು 'ಪ್ರೂಫ್' ಅಭಿಯಾನ ಮಾಡಿ, ಮಹಾನಗರಪಾಲಿಕೆಯ ಮೂರು ತಿಂಗಳ ಲೆಕ್ಕವನ್ನು ಜನರೆದುರು ಇಡಿ ಅಂತ ಪಟ್ಟು ಹಿಡಿದಿದ್ದವು. ಅರ್ಥವಾಗದವರು ಕೇಳುತ್ತಾರಾ?

ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಗೆ ಜಮಾಬಂದಿ ಇದೆ. ಎಷ್ಟರಮಟ್ಟಿಗೆ ನೆಟ್ಟಗೆ ನಡೆಯುತ್ತದೆ ಅನ್ನುವುದು ಬೇರೆ ಮಾತು, ವರ್ಷಕ್ಕೊಮ್ಮೆ ಲೆಕ್ಕವನ್ನೂ ಕಾಮಗಾರಿಯನ್ನೂ ಜನರೆದುರು ಪರಿಶೀಲಿಸಬೇಕು ಅನ್ನುವ ನಿಯಮವಾದರೂ ಇದೆ. ಪಟ್ಟಣದ ವಾರ್ಡಿಗೂ ಅಂಥದ್ದೊಂದು ಬೇಡವೇ?

ಲೆಕ್ಕ ಬರೆಯುವುದನ್ನು ನಮ್ಮ ಸಿಬ್ಬಂದಿಗೇ ಕಲಿಸಿ. ಒಂದೇ ಪುಟದಲ್ಲಿ, ಕನ್ನಡದಲ್ಲಿ, ಬಂದದ್ದೆಷ್ಟು, ಕೊಡಬೇಕಾದದ್ದೆಷ್ಟು, ನಮ್ಮ ವಾರ್ಡಿಗೆ ಹೋದದ್ದೆಷ್ಟು ಅಂತ ಬರೆದು ಗೋಡೆಗೆ ಅಂಟಿಸಿ. ದಿಲ್ಲಿಗೆ ಒಪ್ಪಿಸುವ ಲೆಕ್ಕವನ್ನು ತೆರಿಗೆ ಕಟ್ಟುವವರಿಗೆ ಒಪ್ಪಿಸಲು ಏನು ಕಷ್ಟ?

ನಿಮ್ಮೂರಿನ ಲೆಕ್ಕ ನೀವು ಎಂದಾದರೂ ನೋಡಿದ್ದೀರಾ? ಒಮ್ಮೆ ಹೋಗಿ ಕೇಳಿ ನೋಡಿ.